ಬಸಿರು ನಿಲ್ಲದ್ದಕ್ಕೆ ಗ್ರಹಣವನ್ನು ದೂರಬೇಡಿ

ಪ್ರಶ್ನೆ: ನನಗೆ 37 ವರ್ಷ. ಎರಡು ಸಲ ಬಸಿರಾಗಿ, ಎರಡೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಗ್ರಹಣದ ದಿನ ಮೆಟ್ಟುಗತ್ತಿ ಮುಟ್ಟಿದ್ದಕ್ಕೆ ಹೀಗಾಯಿತು ಎನ್ನುತ್ತಾರೆ ಅತ್ತೆ. ಡಾಕ್ಟರು ನಮ್ಮಿಬ್ಬರಿಗೂ ಕ್ರೋಮೋಸೋಮ್ ಪರೀಕ್ಷೆ ಬರೆದಿದ್ದಾರೆ. ನಮ್ಮ ಯಜಮಾನರು ತನಗೇಕೆ ಎನ್ನುತ್ತಾರೆ.
— ಓದುಗರು, ಹೆಗ್ಗೋಡು

ಉತ್ತರ: ನೋಡಮ್ಮ, ಗ್ರಹಣಕ್ಕೂ ನಿಮ್ಮ ಬಸಿರಿಗೂ ಏನೇನೂ ಸಂಬಂಧವಿಲ್ಲ. ಮಗು ಕಳೆದುಕೊಂಡವಳ ತಲೆಗೇ ತಪ್ಪು ಕಟ್ಟುವ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಭ್ರೂಣದ ಕ್ರೋಮೋಸೋಮ್‌ಗಳ ಲೆಕ್ಕವೇ ತಪ್ಪಿರುತ್ತದೆ.

ಜೀವಕೋಶ ಎರಡಾಗುವ ಮುಂಚೆ ತನ್ನ 46 ಕ್ರೋಮೋಸೋಮ್‌ಗಳಿಗೂ ಒಂದೊಂದು ಪ್ರತಿ ಮಾಡಿಕೊಳ್ಳುತ್ತದೆ. ಬಿಡಿಸಿ ಹಾಸಿದರೆ ಎರಡು ಮೀಟರ್ ಆಗುವ ಡಿಎನ್‌ಎಯನ್ನು ಸುತ್ತಿ ಸುತ್ತಿ ಗಿಡ್ಡ ಮಾಡುತ್ತದೆ. ಮೂಲವೂ ಪ್ರತಿಯೂ ಹೊತ್ತಿಗೆ ಮುಂಚೆ ಅಗಲದಂತೆ ಕೊಹೆಸಿನ್ ಎಂಬ ಪ್ರೋಟೀನು ಬಳೆ ತೊಡಿಸಿದ ಹಾಗೆ ಹಿಡಿದಿರುತ್ತದೆ. ಅಂಡಾಣುವಿನಲ್ಲಿ ಈ ತಯಾರಿ ಶುರುವಾಗುವುದು ನೀವಿನ್ನೂ ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗ! ಅರ್ಧಕ್ಕೆ ನಿಂತ ಆ ಕೆಲಸ ಮತ್ತೆ ಮುಂದುವರಿಯುವುದು ಆ ಅಂಡಾಣು ಹೊರಬೀಳುವ ತಿಂಗಳಲ್ಲಿ. ಅಷ್ಟು ವರ್ಷದಲ್ಲಿ ಹಿಡಿತ ಸಡಿಲವಾಗಿದ್ದರೆ ಹಂಚಿಕೆ ತಪ್ಪುತ್ತದೆ. 21ನೆಯ ಕ್ರೋಮೋಸೋಮ್ ಒಂದು ಹೆಚ್ಚಾದರೆ ಡೌನ್ ಸಿಂಡ್ರೋಮ್. ಬೇರೆ ಬಹಳಷ್ಟು ಕ್ರೋಮೋಸೋಮ್‌ಗಳು ಹೆಚ್ಚಾದರೆ ಬಸಿರೇ ನಿಲ್ಲುವುದಿಲ್ಲ. ಇದರಲ್ಲಿ ನಿಮ್ಮ ತಪ್ಪು ಎಲ್ಲಿ ಬಂತು?

ಯಜಮಾನರಿಗೆ ಹೇಳಿ: ಕೆಲವರಲ್ಲಿ ಎರಡು ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿರುತ್ತವೆ. ಅವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಬಸಿರು ಮಾತ್ರ ಹೋಗುತ್ತಿರುತ್ತದೆ. ಗಂಡಸಾದರೂ ಅಷ್ಟೇ, ಹೆಂಗಸಾದರೂ ಅಷ್ಟೇ. ಇಬ್ಬರೂ ರಕ್ತ ಕೊಡಿ. ನೀವು ಥೈರಾಯ್ಡ್, ಸಕ್ಕರೆ, ಆಂಟಿಫಾಸ್ಫೋಲಿಪಿಡ್ ಪರೀಕ್ಷೆಯನ್ನೂ ಮಾಡಿಸಿ, ಫೋಲಿಕ್ ಆಮ್ಲದ ಮಾತ್ರೆ ಈಗಿನಿಂದಲೇ ಶುರುಮಾಡಿ. ಎರಡು ಬಸಿರು ಹೋದ ಮೇಲೂ ಹೆಚ್ಚಿನವರು ತಾಯಂದಿರಾಗುತ್ತಾರೆ.

ಪ್ರಶ್ನೆ: ನನಗೆ ಗೌಟ್. ಡಾಕ್ಟರು ಕೊಟ್ಟ ಕಾಲ್ಚಿಸಿನ್ ಮಾತ್ರೆಯಲ್ಲಿರುವುದೇ ಗೌರಿಹೂವಿನ ಗಡ್ಡೆಯಲ್ಲೂ ಇದೆಯಂತೆ. ಬೇಲಿಯಲ್ಲೇ ಬೆಳೆದಿದೆ, ಕಷಾಯ ಮಾಡಿ ಕುಡಿಯಬಹುದೇ?
— ಓದುಗರು, ಹೊಸನಗರ

ಉತ್ತರ: ಖಂಡಿತ ಕೂಡದು. ಇದೆ ನಿಜ, ಆದರೆ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ. ನಿಮ್ಮ ಬೇಲಿಯ ಗಡ್ಡೆಯಲ್ಲಿ ಎಷ್ಟಿದೆಯೆಂದು ಅಳೆಯುವವರು ಯಾರು? ಕಾಲ್ಚಿಸಿನ್ ಹೆಚ್ಚಾದರೆ, ಸಿದ್ಧವಾಗಿ ನಿಂತ ಕ್ರೋಮೋಸೋಮ್‌ಗಳನ್ನು ಎರಡು ಬದಿಗೆ ಎಳೆಯುವ ನೂಲುಗಳೇ ಕಟ್ಟಿಕೊಳ್ಳುವುದಿಲ್ಲ, ಕೋಶ ಅಲ್ಲೇ ಸಿಕ್ಕಿಬೀಳುತ್ತದೆ. ಮೇಲಿನ ಪತ್ರದ ಪರೀಕ್ಷೆಗೆ ಲ್ಯಾಬಿನವರು ಬಳಸುವುದೂ ಈ ಗುಣವನ್ನೇ: ಬಿಳಿ ರಕ್ತಕಣಗಳನ್ನು ಬೆಳೆಸಿ, ಇದೇ ಜಾತಿಯ ಔಷಧ ಹಾಕಿ ನಿಲ್ಲಿಸಿ, ಕ್ರೋಮೋಸೋಮ್ ಎಣಿಸುತ್ತಾರೆ. ಗಾಜಿನ ಮೇಲೆ ಸರಿ. ಹೊಟ್ಟೆಯೊಳಗಾದರೆ ಮೊದಲು ವಾಂತಿ, ಭೇದಿ. ಕೆಲವೇ ದಿನಗಳಲ್ಲಿ ಬಿಳಿ ಕಣಗಳು ಕುಸಿಯುತ್ತವೆ. ಬದುಕಿ ಉಳಿದರೆ ಆಮೇಲೆ ಕೂದಲು ಉದುರುತ್ತದೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ಮಕ್ಕಳಿರುವ ಮನೆಯಾದರೆ ಗಡ್ಡೆಯನ್ನು ಕಿತ್ತು ಒಳಗಂತೂ ತರಬೇಡಿ. ಯಾರಾದರೂ ತಿಂದರೆ, ವಾಂತಿ ಆಗಲಿ ನೋಡೋಣ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಯೂರಿಕ್ ಆಮ್ಲ, ಕ್ರಿಯಾಟಿನಿನ್ ನೋಡಿಸಿದ್ದೀರಾ? ಕಿಡ್ನಿ ದುರ್ಬಲವಿದ್ದರೆ ಆ ಮಾತ್ರೆಯ ಪ್ರಮಾಣವನ್ನೂ ಕಡಿಮೆ ಮಾಡಬೇಕಾಗುತ್ತದೆ. ವರದಿ ಹಿಡಿದುಕೊಂಡು ನಿಮ್ಮ ಡಾಕ್ಟರನ್ನು ಈ ವಾರವೇ ಕಾಣಿ.