ಜಾಯ್ನಿಂಗ್ ಡೇಟ್ ಇಲ್ಲದ ಆಫರ್: ಕ್ರಿಪ್ಸ್ ಮಾತುಕತೆ ಮತ್ತು ನಮ್ಮೂರು

ಟೆಂತ್‌ನಲ್ಲಿ ನಂಗೆ ಕ್ರಿಪ್ಸ್ ಮಿಷನ್ ಅಂದ್ರೆ ಎರಡು ಮಾರ್ಕಿನ ಪ್ರಶ್ನೆ, ಅಷ್ಟೇ. ಕಳೆದ ರಜೆಯಲ್ಲಿ ಸಿದ್ದಾಪುರ ತಾಲೂಕಿನ ದೊಡ್ಮನೆಗೆ, ಅಂದ್ರೆ ನಮ್ಮೂರಿಗೆ ಹೋದಾಗ, ಹಳೇ ಮ್ಯಾಪ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ.

1942ರ ಫೆಬ್ರವರಿ 15ಕ್ಕೆ ಸಿಂಗಾಪುರ, ಮಾರ್ಚ್ 8ಕ್ಕೆ ರಂಗೂನ್ ಜಪಾನಿನ ವಶವಾದವು. ಬ್ರಿಟನ್ನಿಗೆ ಭಾರತೀಯರ ಸಹಕಾರ ಬೇಕಿತ್ತು, ಅಮೆರಿಕದ ಒತ್ತಡ ಬೇರೆ. ಅದೇ ತಿಂಗಳು ಚರ್ಚಿಲ್ ಸರ್ಕಾರ ಸ್ಟಾಫರ್ಡ್ ಕ್ರಿಪ್ಸ್ ಅವರನ್ನು ದೆಹಲಿಗೆ ಕಳಿಸಿತು. ಆಫರ್ ಏನು? ಯುದ್ಧ ಮುಗಿದ ಮೇಲೆ ಡೊಮಿನಿಯನ್ ಸ್ಥಾನ, ಸಂವಿಧಾನ ಬರೆಯೋಕೆ ಒಂದು ಸಭೆ. ಬೇಡ ಅನ್ನುವ ಪ್ರಾಂತ್ಯ ಹೊರಗುಳಿಯಬಹುದು.

ಈಗ ಮ್ಯಾಪ್ ನೋಡಿ. ದೊಡ್ಮನೆ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಪಕ್ಕದ ಸಾಗರ ಮೈಸೂರು ಸಂಸ್ಥಾನದ್ದು. ಆ ಸಭೆಗೆ ಪ್ರಾಂತ್ಯಗಳ ಪ್ರತಿನಿಧಿಗಳನ್ನು ಶಾಸನಸಭೆಯ ಕೆಳಮನೆಯವರು ಚುನಾಯಿಸಬೇಕು. ಸಂಸ್ಥಾನಗಳು ತಮ್ಮವರನ್ನು ನೇಮಿಸಿ ಕಳಿಸಬೇಕು. ಅಂದ್ರೆ ನಮ್ಮ ಮುತ್ತಜ್ಜಿಯ ಗಂಡನ ಮನೆಯ ಕಡೆ, ವೋಟಿದ್ದ ಕೆಲವರಿಗಾದರೂ ದೂರದ ಒಂದು ನಂಟು. ಸಾಗರದ ಕಡೆಯ ಅವರ ತವರಿಗೆ ಅದೂ ಇಲ್ಲ. ಅದೇ ಅಡಿಕೆ ತೋಟ, ಅದೇ ಮಳೆ, ಅದೇ ಮಾತು! ಇನ್ನು ಬಾಂಬೆ ಹೊರಗುಳಿದರೆ ನಮ್ಮ ತಾಲೂಕೂ ಅದರ ಹಿಂದೆ ಹೋಗಬೇಕಿತ್ತು.

ಆದರೆ ಕಾಂಗ್ರೆಸ್ ಜೊತೆಗಿನ ಮಾತುಕತೆ ಮುರಿದದ್ದು ಮುಖ್ಯವಾಗಿ "ಈಗ ಏನು ಕೊಡ್ತೀರಿ" ಅನ್ನೋದರ ಮೇಲೆ. ಸೇನೆಯ ಹಿಡಿತ ಬ್ರಿಟಿಷ್ ಕಮಾಂಡರ್-ಇನ್-ಚೀಫ್ ಕೈಯಲ್ಲೇ ಇರಬೇಕಂತೆ. ರಕ್ಷಣೆಯ ಹೆಸರಲ್ಲಿ ಭಾರತೀಯ ಸದಸ್ಯರಿಗೆ ಬಿಡಲು ಮಾಡಿದ ಪಟ್ಟಿಯಲ್ಲಿ ಇದ್ದದ್ದು ಕ್ಯಾಂಟೀನ್, ಸ್ಟೇಷನರಿ, ಪ್ರಿಂಟಿಂಗ್, ಪೆಟ್ರೋಲ್ ಇಂಥವು. ಫೆಸ್ಟ್ ಕಮಿಟಿಯಲ್ಲಿ ಸೆಕೆಂಡ್ ಇಯರ್‌ನವರಿಗೆ ಕೊಡೋ ಕೆಲಸ! ರೂಸ್‌ವೆಲ್ಟ್ ಕಳಿಸಿದ್ದ ಲೂಯಿ ಜಾನ್ಸನ್ ಮಧ್ಯಸ್ಥಿಕೆಗೆ ಪ್ರಯತ್ನಿಸಿದರೂ ಆಗಲಿಲ್ಲ. ಮುಸ್ಲಿಂ ಲೀಗೂ ತನ್ನದೇ ಕಾರಣಕ್ಕೆ ಒಪ್ಪಲಿಲ್ಲ. ಏಪ್ರಿಲ್ 12ಕ್ಕೆ ಕ್ರಿಪ್ಸ್ ವಾಪಸ್.

ಕಾಂಗ್ರೆಸ್ಸಿನದು ಹಟ ಅಂತ ಕೆಲವರು ಬರೀತಾರೆ. ನಂಗೆ ಹಾಗನ್ನಿಸಲ್ಲ. 1939ರಲ್ಲಿ ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದಿದ್ದರು. ಬಾಂಬೆಯ ಮಂತ್ರಿಮಂಡಲ ಅದಕ್ಕೇ ರಾಜೀನಾಮೆ ಕೊಟ್ಟಿತ್ತು. ನಮ್ಮ ಸಿದ್ದಾಪುರ, ಅಂಕೋಲೆಯ ರೈತರಂತೂ 1930ರ ದಶಕದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರು. "ಗೆದ್ದ ಮೇಲೆ ಕೊಡ್ತೀವಿ" ಅಂದ್ರೆ ಇವರು ಹೇಗೆ ನಂಬಬೇಕು?

ಆಗಸ್ಟ್ 8ಕ್ಕೆ ಕ್ವಿಟ್ ಇಂಡಿಯಾ ನಿರ್ಣಯ ಬಂತು. ದೊಡ್ಮನೆಯ ರಾಮಕೃಷ್ಣ ಹೆಗಡೆಯವರಿಗೆ ಆಗ 16 ತುಂಬಲು ಮೂರು ವಾರ ಬಾಕಿ. ಮುಂದೆ ಮುಖ್ಯಮಂತ್ರಿಯಾದ ಅವರೂ ಆ ಚಳವಳಿಯಲ್ಲಿ ಜೈಲು ಕಂಡರು. ಮುತ್ತಜ್ಜಿಯ ತವರೂ ಗಂಡನ ಮನೆಯೂ ಒಂದೇ ರಾಜ್ಯಕ್ಕೆ ಸೇರಿದ್ದು ಮಾತ್ರ 1956ರ ನವೆಂಬರ್ 1ಕ್ಕೆ.