ಎದೆನೋವನ್ನು ಗ್ಯಾಸ್ ಎಂದು ಕೂರಬೇಡಿ

ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆಗ ಕೊರೊನಾ ಬರೀ ಶ್ವಾಸಕೋಶದ ಕಾಯಿಲೆ ಎಂದುಕೊಂಡಿದ್ದೆವು. ಆದರೆ ಸೋಂಕು ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯದ ನಾಳ ಕಟ್ಟಿಕೊಂಡರೆ ಹೃದಯಾಘಾತ. ಜ್ವರ ಬಿಟ್ಟಿತಲ್ಲ ಎಂದು ನಿಶ್ಚಿಂತರಾಗುವಂತಿಲ್ಲ: ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆರು ತಿಂಗಳವರೆಗೂ ಹೆಚ್ಚಿರುತ್ತದೆಂದು 2022ರ ಸ್ವೀಡನ್ ಅಧ್ಯಯನ ತೋರಿಸಿತು. ಈ ಹೆಪ್ಪು, ಹೃದಯಾಘಾತವೆಲ್ಲ ಕೊರೊನಾ ಲಸಿಕೆಯಿಂದಲೇ ಎನ್ನುವವರಿದ್ದಾರೆ. ಕೆಲವು ಲಸಿಕೆಗಳಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ನಿಜ; ಸೋಂಕಿನ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಹಾಗಾಗಿ ನಮ್ಮ ಜಿಲ್ಲೆಯ ಗುಂಡಗುರ್ತಿಯಿರಲಿ, ವಾಡಿಯಿರಲಿ, ಎದೆ ಬಿಗಿದು, ಬೆವರಿ, ಎಡಗೈ ಸೆಳೆದರೆ ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ. 108 ಆಂಬುಲೆನ್ಸ್‌ಗೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ.