ಎಡಮುರಿ ಗಿಡವೂ ಅದರ ನೆಲೆಯೂ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಗೆ ಪಶ್ಚಿಮದಲ್ಲಿ ಬಿಳಿಗಿರಿರಂಗನ ಬೆಟ್ಟಗಳ ಸಾಲು ಇರುತ್ತದೆ. ಇಲ್ಲಿನ ಎಲೆಯುದುರುವ ಒಣಕಾಡಿನಲ್ಲಿಯೂ ಕುರುಚಲು ಭೂಮಿಯಲ್ಲಿಯೂ ತಾನಾಗಿ ಬೆಳೆಯುವ ಗಿಡಗಳಲ್ಲಿ ಎಡಮುರಿಯು ಒಂದು. ಹತ್ತಿ, ಬೆಂಡೆ, ದಾಸವಾಳಗಳ ಕುಟುಂಬಕ್ಕೇ ಇದನ್ನು ಈಗ ಸಸ್ಯಶಾಸ್ತ್ರಜ್ಞರು ಸೇರಿಸಿರುತ್ತಾರೆ.

ಹೂವು ಅರಳಿದಾಗ ಇಟ್ಟಿಗೆಗೆಂಪು, ಬಾಡುತ್ತ ಬೂದುನೀಲಿ. ಮಕರಂದಕ್ಕಾಗಿ ಸೂರಕ್ಕಿಗಳು ಬಂದು ಪರಾಗವನ್ನು ಸಾಗಿಸುತ್ತವೆ. ಐದು ಎಳೆಗಳು ಹುರಿಗೊಂಡ ಹಗ್ಗದಂತಿರುವ ಕಾಯಿಯಿಂದಲೇ ಈ ಹೆಸರು ಬಂದಿದೆ. ಹೊಟ್ಟೆನುಲಿತಕ್ಕೆ ಈ ಕಾಯಿಯನ್ನು ಮನೆಮದ್ದಾಗಿ ಬಳಸುವುದುಂಟು.

ತೊಗಟೆಯಲ್ಲಿ ಗಟ್ಟಿಯಾದ ನಾರಿರುತ್ತದೆ. ಒಂದರಿಂದ ಒಂದೂವರೆ ವರ್ಷದ ಕೊಂಬೆಗಳ ನಾರು ಉತ್ತಮ. ಎರಡು ವರ್ಷ ದಾಟಿದರೆ ಒರಟಾಗುತ್ತದೆ. ಕೊಂಬೆಗಳನ್ನು ಕಟ್ಟುಕಟ್ಟಿ ನೀರಿನಲ್ಲಿ ನೆನೆಹಾಕಿ, ತೊಗಟೆ ಸಡಿಲವಾದ ಮೇಲೆ ಸುಲಿದು, ತೊಳೆದು ಒಣಗಿಸತಕ್ಕದ್ದು. ಬುಡವನ್ನು ಉಳಿಸಿ ಕಡಿದರೆ ಮತ್ತೆ ಚಿಗುರುವುದು.

ಈ ಗಿಡದ ನೆಲೆಗೆ ಒದಗಿರುವ ದೊಡ್ಡ ಕೇಡು ಲಂಟಾನ. ಬಿಳಿಗಿರಿ ಬೆಟ್ಟದಲ್ಲಿ ಪರೀಕ್ಷಿಸಿದ ತಾಕುಗಳ ಪೈಕಿ 1997ರಲ್ಲಿ ನೂರಕ್ಕೆ 41ರಲ್ಲಿಯೂ, 2008ರಲ್ಲಿ ನೂರಕ್ಕೆ 81ರಲ್ಲಿಯೂ ಲಂಟಾನ ಕಂಡುಬಂದಿತು. ಅದು ದಟ್ಟವಾಗಿ ಹಬ್ಬಿದ ಕಡೆ ನಾಡಗಿಡದ ಸಸಿಗಳಿಗೆ ಬೆಳಕು ಸಿಕ್ಕುವುದಿಲ್ಲ.

ಬದುಗಳನ್ನು ಸವರುವಾಗ ಎರಡನ್ನೂ ಒಂದೇ ಎಂದು ಕಿತ್ತುಹಾಕುವುದು ನಷ್ಟ. ತೆರವಾದ ನೆಲಕ್ಕೆ ಹಕ್ಕಿಗಳು ಲಂಟಾನದ ಬೀಜವನ್ನೇ ಮೊದಲು ತಂದುಹಾಕುತ್ತವೆ. ಗುರುತು ಸುಲಭ. ಲಂಟಾನದ ಕಾಂಡವು ನಾಲ್ಕು ಮೂಲೆಯದು, ಸಾಮಾನ್ಯವಾಗಿ ಮುಳ್ಳುಳ್ಳದ್ದು. ಎಲೆಗಳು ಎದುರುಬದುರಾಗಿದ್ದು ಹಿಸುಕಿದರೆ ಘಾಟು ಹೊಡೆಯುತ್ತವೆ. ಎಡಮುರಿಗೆ ಮುಳ್ಳಿಲ್ಲ; ಒರಟಾದ ಎಲೆಗಳು ಒಂದಾದ ಮೇಲೊಂದರಂತೆ ಇರುತ್ತವೆ.

ಲಂಟಾನವನ್ನು ಮೇಲೆ ಕತ್ತರಿಸಿದರೆ ಸಾಲದು. ನೆಲದೊಳಗೆ ಬುಡದ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿಟ್ಟು ಒಣಗಿಸತಕ್ಕದ್ದು. ತೆರವಾದ ಬದುವಿನಲ್ಲಿ ಎಡಮುರಿಯ ಬೀಜವನ್ನು ಮಳೆಗಾಲದ ಮೊದಲಲ್ಲಿ ಬಿತ್ತಬಹುದು. ಸಿಪ್ಪೆ ಗಡುಸಾದ್ದರಿಂದ ಬೀಜವನ್ನು ಒರಟು ಮರಳಿನೊಡನೆ ಉಜ್ಜುವುದು ಒಳ್ಳೆಯದು. ಸಸಿಗಳು ಬಲಿಯುವವರೆಗೆ ಆಡುಗಳನ್ನು ದೂರವಿಡಬೇಕು.

ಬಿಳಿಗಿರಿಯ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುತ್ತದೆ. ಕಾನೂನಿನ ಹಕ್ಕಾಗಲಿ ಅನುಮತಿಯಾಗಲಿ ಇಲ್ಲದೆ ಅಲ್ಲಿಂದ ಕೊಂಬೆ, ಕಾಯಿಗಳನ್ನು ತರಕೂಡದು. ಸ್ವಂತ ಬದುವಿನ ಗಿಡಕ್ಕೆ ಈ ತೊಡಕಿಲ್ಲ. ಗ್ರಾಮದ ಮುಖಂಡರು ಮುಂದಿನ ಸಲ ಬದು ಸವರಿಸುವ ಮುನ್ನ ಆಳುಗಳಿಗೆ ಈ ಎರಡು ಗಿಡಗಳ ಗುರುತನ್ನು ತೋರಿಸಿಕೊಟ್ಟರೆ ಊರಿಗೆ ನಾರೂ ಹಕ್ಕಿಗಳಿಗೆ ಮಕರಂದವೂ ಉಳಿಯುವುವು.